ಮಳೆಗಾಲದಲ್ಲಿ ಹೊಡೆಯುವ ಬೇಲಿ ಬೇಸಿಗೆಯಲ್ಲಿ ಯಾಕೆ ಸುಮ್ಮನಾಗುತ್ತದೆ?

ಓದುಗರ ಪ್ರಶ್ನೆ: "ಸರ್, ನಮ್ಮದು ಚಳ್ಳಕೆರೆ ತಾಲ್ಲೂಕು. ನಾಲ್ಕು ಎಕರೆ ಕೆಂಪು ಮಣ್ಣಿನ ಜಮೀನು. ಮೂವತ್ತು ಕುರಿ, ಎಂಟು ಮೇಕೆ, ಮೂರು ಹಸು ಇವೆ. ಮೇಯಿಸೋಕೆ ಆಳು ಸಿಗುತ್ತಿಲ್ಲ. ಹೋದ ವರ್ಷ ಜೂನ್‌ನಲ್ಲಿ ಬೇಲಿಗೆ ಶಾಕ್ ಕೊಡುವ ಝಟ್ಕಾ ಮಷಿನ್ ತಂದು ಕಲ್ಲು ಕಂಬಕ್ಕೆ ಮೂರು ಎಳೆ ತಂತಿ ಎಳೆದೆವು. ಮಳೆಗಾಲದಲ್ಲಿ ಚೆನ್ನಾಗಿ ಹೊಡೆಯುತ್ತಿತ್ತು. ಫೆಬ್ರವರಿ ಹೊತ್ತಿಗೆ ಮೇಕೆಗಳು ಆರಾಮಾಗಿ ದಾಟಿ ಪಕ್ಕದವರ ಶೇಂಗಾ ಹೊಲಕ್ಕೆ ನುಗ್ಗಿದವು. ಜಗಳ ಆಯಿತು. ಅಂಗಡಿಯವರು ದೊಡ್ಡ ಮಷಿನ್ ಹಾಕಿ, 12000 ವೋಲ್ಟ್ ಬರುತ್ತೆ ಅಂತಾರೆ. ಊರಲ್ಲಿ ಒಬ್ಬರು ರಾತ್ರಿ ಹೊತ್ತು ಪಂಪ್‌ಸೆಟ್ ಲೈನಿಂದಲೇ ಒಂದು ಎಳೆ ಕೊಟ್ಟುಬಿಡಿ, ತೋಳವೂ ಬರಲ್ಲ ಅಂತ ಹೇಳಿದರು. ಮನೆಯಲ್ಲಿ ಏಳು ಮತ್ತು ನಾಲ್ಕು ವರ್ಷದ ಮಕ್ಕಳಿದ್ದಾರೆ. ಅಮ್ಮನಿಗೆ ಭಯ. ಶಾಕ್ ಹೊಡೆದರೆ ಹಸು ಹಾಲು ಕಡಿಮೆ ಮಾಡುತ್ತೆ, ಗಬ್ಬದ ಕುರಿ ಕಂದು ಹಾಕುತ್ತೆ ಅಂತಲೂ ಹೇಳುತ್ತಾರೆ. ಏನು ಮಾಡಲಿ?"

ಮೊದಲು ಪಂಪ್‌ಸೆಟ್ ಲೈನಿನ ಮಾತು ಮುಗಿಸಿಬಿಡೋಣ. ಅದನ್ನು ಮಾಡಲೇಬೇಡಿ. ಒಂದು ರಾತ್ರಿಗೂ ಬೇಡ. ಯಾಕೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ಇನ್ನು ನಿಮ್ಮ ಬೇಲಿಯ ವಿಚಾರ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಮಳೆಗಾಲದಲ್ಲಿ ಹೊಡೆಯುತ್ತಿತ್ತು, ಫೆಬ್ರವರಿಯಲ್ಲಿ ನಿಂತಿತು. ಮಷಿನ್ ಅದೇ, ತಂತಿ ಅದೇ, ಮೇಕೆಗಳೂ ಅವೇ. ಬದಲಾಗಿದ್ದು ಒಂದೇ, ನೆಲ ಒಣಗಿತು. ಹಾಗಾಗಿ ದೊಡ್ಡ ಮಷಿನ್‌ಗೆ ದುಡ್ಡು ಹಾಕುವ ಮೊದಲು ಅರ್ಥಿಂಗ್, ಅಂದರೆ ಮಷಿನ್‌ಗೂ ನೆಲಕ್ಕೂ ಇರುವ ಸಂಪರ್ಕ ನೋಡಬೇಕು.

ಇದು ನಾನು ಹೊಲದಲ್ಲಿ ಕಲಿತ ಪಾಠ. ಈ ಕೆಲಸ ಶುರು ಮಾಡಿದ ಹೊಸದರಲ್ಲಿ ಪಾವಗಡದ ಕಡೆ ಒಂದು ಬೇಲಿ ಹಾಕಿಕೊಟ್ಟಿದ್ದೆ. ಬೇಸಿಗೆಯಲ್ಲಿ ಅದೂ ಕೈಕೊಟ್ಟಿತು. ನಾನು ಎರಡು ಸಲ ಮಷಿನ್ ಬದಲಾಯಿಸಿದೆ. ಆ ಹೊಲದಲ್ಲಿ ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಒಂದು ಮಾತು ಹೇಳಿದರು. "ಬೆಳಿಗ್ಗೆ ಇಬ್ಬನಿ ಇದ್ದಾಗ ಇವು ತಂತಿ ಹತ್ರ ಹೋಗಲ್ಲ ಕಣಪ್ಪ. ಹೊತ್ತು ಏರಿದ ಮೇಲೆ ನುಗ್ತವೆ." ಅವರ ಕೈಲಿ ಮೀಟರ್ ಇರಲಿಲ್ಲ. ನನ್ನ ಕೈಲಿತ್ತು, ಆದರೆ ನಾನು ತಂತಿಯನ್ನು ಮಾತ್ರ ಅಳೆಯುತ್ತಿದ್ದೆ. ಅವರು ನೆಲವನ್ನು ನೋಡುತ್ತಿದ್ದರು. ಅಂದಿನಿಂದ ಯಾವ ಹೊಲಕ್ಕೆ ಹೋದರೂ ನಾನು ಮೊದಲು ಕೇಳುವುದು, ಅರ್ಥ್ ರಾಡ್ ಎಲ್ಲಿ ಹೊಡೆದಿದ್ದೀರಿ ಅಂತ.

ಝಟ್ಕಾ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಸೋಲಾರ್ ಪ್ಯಾನೆಲ್ ಬ್ಯಾಟರಿ ತುಂಬುತ್ತದೆ, ಅಷ್ಟೇ. ಬೇಲಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಬ್ಯಾಟರಿಯಿಂದ ಎನರ್ಜೈಸರ್, ಅಂದರೆ ನಾವು ಝಟ್ಕಾ ಮಷಿನ್ ಅನ್ನುವ ಪೆಟ್ಟಿಗೆ, ಸ್ವಲ್ಪ ಸ್ವಲ್ಪ ಶಕ್ತಿ ಕೂಡಿಟ್ಟುಕೊಂಡು ಸೆಕೆಂಡಿಗೆ ಒಂದು ಸಲದಂತೆ ತಂತಿಗೆ ಬಿಡುತ್ತದೆ. ಆ ಹೊಡೆತ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಮೇಕೆ ಮೂಗು ತಾಗಿಸಿದಾಗ ಆ ಹೊಡೆತ ಮೂಗಿನಿಂದ ಮೈಯೊಳಗೆ ಇಳಿದು, ಗೊರಸಿನಿಂದ ನೆಲಕ್ಕೆ ಹೋಗಿ, ನೆಲದಲ್ಲೇ ಹಾದು, ನಿಮ್ಮ ಅರ್ಥ್ ರಾಡ್ ಮೂಲಕ ಮಷಿನ್‌ಗೆ ವಾಪಸ್ ಬರಬೇಕು. ಈ ಸುತ್ತು ಪೂರ್ತಿ ಆದರೆ ಮಾತ್ರ ಶಾಕ್. ಒಣಗಿದ ಕೆಂಪು ಮಣ್ಣು, ಅದರಲ್ಲೂ ಕಲ್ಲು ಮಿಶ್ರಿತ ಮಣ್ಣು, ಈ ಕರೆಂಟನ್ನು ಹಾಯಲು ಬಿಡುವುದಿಲ್ಲ. ಒಣ ಗೊರಸೂ ಅಷ್ಟೇ. ತಂತಿಯಲ್ಲಿ 8000 ವೋಲ್ಟ್ ಇರಬಹುದು, ಆದರೆ ಮೇಕೆಗೆ ಚುರುಕ್ ಅನ್ನುವುದೂ ಇಲ್ಲ.

ಈ ಬೇಲಿ ಬೆಳೆದು ಬಂದ ಊರು ನ್ಯೂಜಿಲೆಂಡ್. ಅಲ್ಲಿ 1930ರ ದಶಕದಲ್ಲಿ ಬಿಲ್ ಗ್ಯಾಲಹರ್ ಎಂಬುವರು ತಮ್ಮ ಕುದುರೆ ಕಾರಿಗೆ ಮೈ ಉಜ್ಜುವುದನ್ನು ತಪ್ಪಿಸಲು ಮಾಡಿಕೊಂಡ ಉಪಾಯದಿಂದ ಇದು ಶುರುವಾಗಿ ದೊಡ್ಡ ಉದ್ಯಮ ಆಯಿತು. ಹಸಿ ಹುಲ್ಲುಗಾವಲಿನ ದೇಶ ಅದು. ಅಲ್ಲಿ ನೆಲವನ್ನು ನಂಬಿ ಬೇಲಿ ಕಟ್ಟಬಹುದು. ಅದೇ ನಕ್ಷೆಯನ್ನು ತಂದು ನಮ್ಮ ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡದಲ್ಲಿ ಹಾಕಿದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ನಡೆಯುತ್ತದೆ. ನಿಮಗೆ ಆಗಿದ್ದೂ ಅದೇ.

ಈಗಿರುವ ಬೇಲಿಯನ್ನೇ ಒಮ್ಮೆ ಪರೀಕ್ಷೆ ಮಾಡಿ. ಅದಕ್ಕೆ ಬೇಲಿಯ ವೋಲ್ಟ್ ಮೀಟರ್ ಬೇಕು. ಮನೆ ವೈರಿಂಗ್‌ನ ಮಲ್ಟಿಮೀಟರ್ ಹಿಡಿಯಬೇಡಿ, ಸುಟ್ಟುಹೋಗುತ್ತದೆ. ಮಷಿನ್ ಆಫ್ ಮಾಡಿ. ಮಷಿನ್‌ನಿಂದ 100 ಮೀಟರ್ ದೂರದಲ್ಲಿ ಮೂರು ನಾಲ್ಕು ಕಬ್ಬಿಣದ ಸಲಾಕೆಗಳನ್ನು ನೆಲಕ್ಕೆ ಹೊಡೆದು ತಂತಿಗಳಿಗೆ ತಾಗುವ ಹಾಗೆ ಒರಗಿಸಿ. ಆನ್ ಮಾಡಿ ತಂತಿ ಅಳೆಯಿರಿ. ಅದು 2000 ವೋಲ್ಟ್‌ಗಿಂತ ಕೆಳಗೆ ಇಳಿಯಬೇಕು. ಈಗ ಮೀಟರ್‌ನ ಒಂದು ತುದಿಯನ್ನು ಅರ್ಥ್ ರಾಡ್‌ಗೆ, ಇನ್ನೊಂದನ್ನು ಒಂದು ಮೀಟರ್ ದೂರದ ನೆಲಕ್ಕೆ ಚುಚ್ಚಿ ನೋಡಿ. 200–300 ವೋಲ್ಟ್ ಒಳಗಿದ್ದರೆ ಅರ್ಥಿಂಗ್ ಚೆನ್ನಾಗಿದೆ. 800, 1000 ತೋರಿಸಿದರೆ ನಿಮ್ಮ ರಾಡ್‌ಗೆ ನೆಲ ಸಿಕ್ಕಿಲ್ಲ ಅಂತ ಅರ್ಥ. ಇನ್ನೊಂದು ಸಾಧ್ಯತೆಯೂ ಇದೆ. ಎಷ್ಟು ಸಲಾಕೆ ಒರಗಿಸಿದರೂ ತಂತಿಯ ವೋಲ್ಟೇಜ್ ಇಳಿಯುವುದೇ ಇಲ್ಲ. ಅದನ್ನು ನೋಡಿ ಬೇಲಿ ಗಟ್ಟಿಯಾಗಿದೆ ಅಂತ ಖುಷಿಪಡುವವರಿದ್ದಾರೆ. ನಿಜಕ್ಕೂ ಅದು ನೆಲ ಪೂರ್ತಿ ಒಣಗಿರುವ ಲಕ್ಷಣ. ಸಲಾಕೆಯ ಬುಡಕ್ಕೆ ಒಂದು ಕೊಡ ನೀರು ಹಾಕಿ ಮತ್ತೆ ಅಳೆಯಿರಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಅಂಗಡಿಯಿಂದ ಬರುವ ಕಿಟ್‌ನಲ್ಲಿ ಸಾಮಾನ್ಯವಾಗಿ ಒಂದೇ ರಾಡ್ ಇರುತ್ತದೆ, ಅದೂ ಎರಡು ಮೂರು ಅಡಿಯದು. ಸಾಲದು. ಕಡಿಮೆ ಅಂದರೂ 3 ಜಿಐ ರಾಡ್, ಅಂದರೆ ಸತುವು ಲೇಪಿಸಿದ ಕಬ್ಬಿಣದ ರಾಡ್ ಬೇಕು. ಒಂದೊಂದೂ 6 ಅಡಿ, ಒಂದಕ್ಕೊಂದು 10 ಅಡಿ ದೂರ, ಮೂರನ್ನೂ ಒಂದೇ ಜಿಐ ತಂತಿಯಿಂದ ಕ್ಲಾಂಪ್ ಹಾಕಿ ಜೋಡಿಸಬೇಕು. ಸುಮ್ನೆ ಸುತ್ತಿ ಬಿಟ್ಟರೆ ಆರು ತಿಂಗಳಲ್ಲಿ ತುಕ್ಕು ಹಿಡಿದು ಸಂಪರ್ಕ ಹೋಗುತ್ತದೆ. ತಾಮ್ರದ ತಂತಿಯನ್ನು ಜಿಐ ರಾಡ್‌ಗೆ ಕಟ್ಟಬೇಡಿ, ಎರಡು ಲೋಹ ಸೇರಿದ ಜಾಗ ಬೇಗ ತಿಂದುಹೋಗುತ್ತದೆ. ರಾಡ್‌ಗಳನ್ನು ಸದಾ ತೇವ ಇರುವ ಕಡೆ ಹೊಡೆಯಿರಿ. ಬಚ್ಚಲ ನೀರು ಹೋಗುವ ಜಾಗ, ತೆಂಗಿನ ಗಿಡದ ಪಾತಿ, ಹೀಗೆ. ಆದರೆ ಮನೆಯ ಅಥವಾ ಪಂಪ್‌ಸೆಟ್‌ನ ಅರ್ಥಿಂಗ್‌ನಿಂದ 10 ಮೀಟರ್ ಆದರೂ ದೂರ ಇರಲಿ. ಬೋರ್‌ವೆಲ್ ಕೇಸಿಂಗ್ ಆಳಕ್ಕೆ ಹೋಗಿದೆ, ಅದಕ್ಕೇ ಕಟ್ಟಿಬಿಡೋಣ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಮೋಟರ್‌ನಲ್ಲಿ ಲೀಕೇಜ್ ಆದ ದಿನ ಆ ಕರೆಂಟ್ ನಿಮ್ಮ ಬೇಲಿಗೆ ಬರಬಹುದು. ಉಪ್ಪು ಇದ್ದಿಲು ಹಾಕಿ ಗುಂಡಿ ಮಾಡಿದರೆ ತೇವ ನಿಲ್ಲುತ್ತದೆ, ನಿಜ. ಆದರೆ ಉಪ್ಪು ರಾಡನ್ನು ತಿನ್ನುತ್ತದೆ. ಹಾಗೆ ಮಾಡಿದ್ದರೆ ವರ್ಷಕ್ಕೊಮ್ಮೆ ಅಗೆದು ನೋಡಿ.

ಇಷ್ಟು ಮಾಡಿದರೂ ನಿಮ್ಮ ಮಣ್ಣಿಗೆ ಏಪ್ರಿಲ್‌ನಲ್ಲಿ ಸಾಲದು ಅಂತಲೇ ನನ್ನ ಅಂದಾಜು. ಹಾಗಾಗಿ ಒಣ ಸೀಮೆಗೆ ಬೇರೆ ನಕ್ಷೆ. ಎಲ್ಲ ಎಳೆಗೂ ಝಟ್ಕಾ ಕೊಡದೆ, ಕೆಲವನ್ನು ಅರ್ಥ್ ಎಳೆ ಮಾಡಬೇಕು. ಅಂದರೆ ಆ ಎಳೆಗಳನ್ನು ಮಷಿನ್‌ನ ಅರ್ಥ್ ಕಡೆಗೆ ಜೋಡಿಸುವುದು. ಮೇಕೆ ಎರಡು ಎಳೆಯ ಮಧ್ಯೆ ತಲೆ ತೂರಿಸಿದಾಗ ಒಂದು ಝಟ್ಕಾ ಎಳೆ, ಒಂದು ಅರ್ಥ್ ಎಳೆ, ಎರಡೂ ತಾಗುತ್ತವೆ. ಸುತ್ತು ಅಲ್ಲೇ ಪೂರ್ತಿಯಾಗುತ್ತದೆ. ನೆಲ ಒಣಗಿದ್ದರೂ ಚಿಂತೆಯಿಲ್ಲ.

ನಿಮ್ಮ ಕುರಿ ಮೇಕೆಗೆ ನಾನು ಹೇಳುವುದು ಐದು ಎಳೆ. ನೆಲದಿಂದ 20 ಸೆಂಟಿಮೀಟರ್‌ನಲ್ಲಿ ಅರ್ಥ್, 35ರಲ್ಲಿ ಝಟ್ಕಾ, 50ರಲ್ಲಿ ಅರ್ಥ್, 70ರಲ್ಲಿ ಝಟ್ಕಾ, 100ರಲ್ಲಿ ಝಟ್ಕಾ. ಮೇಲಿನ ಎರಡು ಹಸುಗಳನ್ನೂ ತಡೆಯುತ್ತವೆ. ಹಸುಗಳಷ್ಟೇ ಆಗಿದ್ದರೆ 50 ಮತ್ತು 90 ಸೆಂಟಿಮೀಟರ್‌ನಲ್ಲಿ ಎರಡೇ ಎಳೆ ಸಾಕಿತ್ತು. ಬೇಲಿಗೆ ನಿಜವಾದ ಪರೀಕ್ಷೆ ಮೇಕೆಯದೇ. ಅರ್ಥ್ ಎಳೆಗಳನ್ನು 100 ಮೀಟರ್‌ಗೊಂದು ಕಡೆ ನೆಲಕ್ಕೆ ರಾಡ್ ಹೊಡೆದು ಜೋಡಿಸಿದರೆ ಇನ್ನೂ ಒಳ್ಳೆಯದು.

ತೀರಾ ಕೆಳಗಿನ ಎಳೆಯನ್ನು ಅರ್ಥ್ ಮಾಡಿ ಅಂತ ಹೇಳುವುದಕ್ಕೆ ಇನ್ನೂ ಎರಡು ಕಾರಣ ಇವೆ. ಒಂದು, ಹುಲ್ಲು ಪಾರ್ಥೇನಿಯಂ ಬೆಳೆದು ಮೊದಲು ತಾಗುವುದು ಆ ಎಳೆಗೇ. ಅದರಲ್ಲಿ ಝಟ್ಕಾ ಇದ್ದರೆ ಶಕ್ತಿಯೆಲ್ಲ ಗಿಡಕ್ಕೆ ಸೋರಿಹೋಗುತ್ತದೆ. ಎರಡನೆಯದು ನನಗೆ ಮುಖ್ಯ. ಚಿಪ್ಪುಹಂದಿ, ಆಮೆಯಂಥ ಪ್ರಾಣಿಗಳು ಶಾಕ್ ತಗುಲಿದಾಗ ಓಡುವುದಿಲ್ಲ. ಚಿಪ್ಪುಹಂದಿ ಇದ್ದಲ್ಲೇ ಸುರುಳಿ ಸುತ್ತುತ್ತದೆ, ಒಮ್ಮೊಮ್ಮೆ ತಂತಿಯನ್ನೇ ಒಳಗೆ ಸೇರಿಸಿ. ಆಮೆ ತಲೆ ಒಳಗೆ ಎಳೆದುಕೊಂಡು ಕೂರುತ್ತದೆ. ಆಗ ಸೆಕೆಂಡಿಗೊಂದರಂತೆ ಹೊಡೆತ ಬೀಳುತ್ತಲೇ ಇರುತ್ತದೆ, ಅವು ಅಲ್ಲೇ ಸಾಯುತ್ತವೆ. ನಮ್ಮ ಕುರಿ ಉಳಿಸೋಕೆ ಹೋಗಿ ಅವನ್ನು ಕೊಲ್ಲೋದು ಬೇಡ, ಅಲ್ವಾ?

ಈಗ ಮಷಿನ್. ಅಂಗಡಿಯವರು ವೋಲ್ಟ್ ಹೇಳುತ್ತಾರೆ, ಎಕರೆ ಹೇಳುತ್ತಾರೆ. ನೀವು ಜೂಲ್ ಕೇಳಿ. 12000 ವೋಲ್ಟ್ ಅನ್ನುವುದು ತಂತಿಯನ್ನೇ ಜೋಡಿಸದೆ ಮಷಿನ್‌ನ ತುದಿಯಲ್ಲಿ ಅಳೆದ ಲೆಕ್ಕ. ನಿಮ್ಮ ಹನಿ ನೀರಾವರಿ ಪೈಪನ್ನೇ ನೋಡಿ. ಒತ್ತಡ ಎಷ್ಟೇ ಇದ್ದರೂ ಮಧ್ಯದಲ್ಲಿ ನಾಲ್ಕು ಕಡೆ ಲೀಕ್ ಆದರೆ ಕೊನೆಯ ಗಿಡಕ್ಕೆ ಹನಿ ಬೀಳುವುದಿಲ್ಲ. ಲೀಕ್ ಆದರೂ ಕೊನೆಯವರೆಗೆ ತಲುಪಬೇಕಾದರೆ ನೀರು ಜಾಸ್ತಿ ಬೇಕು. ಬೇಲಿಯಲ್ಲಿ ಆ ನೀರಿನ ಪ್ರಮಾಣವೇ ಜೂಲ್. ಅದರಲ್ಲೂ ಎರಡು ಲೆಕ್ಕ ಇದೆ, ಮಷಿನ್ ಒಳಗೆ ಕೂಡಿಡುವ ಜೂಲ್, ಹೊರಗೆ ಬಿಡುವ ಜೂಲ್. ಡಬ್ಬದ ಮೇಲೆ ದೊಡ್ಡದಾಗಿ ಬರೆಯುವುದು ಬಹಳ ಸಲ ಮೊದಲನೆಯದು. ಎರಡನೆಯದನ್ನೇ ಕೇಳಿ. ನಿಮ್ಮ ನಾಲ್ಕು ಎಕರೆಗೆ ಹೊರಗೆ 1ರಿಂದ 2 ಜೂಲ್ ಬಿಡುವ ಮಷಿನ್ ಧಾರಾಳ. ಈಗಿರುವುದು ಅಷ್ಟು ಕೊಡುತ್ತಿದ್ದರೆ ಅದನ್ನೇ ಇಟ್ಟುಕೊಳ್ಳಿ. ಕೊನೆಯಲ್ಲಿ ನೋಡಬೇಕಾದ್ದು ಒಂದೇ, ಬೇಲಿಯ ಅತಿ ದೂರದ ಮೂಲೆಯಲ್ಲಿ ಮೀಟರ್ ಎಷ್ಟು ತೋರಿಸುತ್ತದೆ ಅಂತ. ಹಸುವಿಗೆ 3000 ವೋಲ್ಟ್ ಸಾಕು. ಕುರಿ ಮೇಕೆಗೆ 4500–5000 ಇರಬೇಕು, ಯಾಕೆಂದರೆ ನಮ್ಮ ಕಡೆಯ ಕುರಿಗಳ ಒರಟು ಉಣ್ಣೆ ಕಂಬಳಿಗೆ ಎಷ್ಟು ಒಳ್ಳೆಯದೋ ಶಾಕ್ ತಡೆಯೋಕೂ ಅಷ್ಟೇ ಒಳ್ಳೆಯದು.

ಮಷಿನ್ ಮೇಲೆ ಐಎಸ್ 302-2-76 ಅಂತ ಇದೆಯೇ ನೋಡಿ. ಬೇಲಿ ಮಷಿನ್‌ಗಳ ಸುರಕ್ಷತೆಗೆ ಇರುವ ಭಾರತೀಯ ಮಾನಕ ಅದು. ಹೊಡೆತಗಳ ನಡುವೆ ಎಷ್ಟು ಬಿಡುವು ಇರಬೇಕು, ಒಂದು ಹೊಡೆತದಲ್ಲಿ ಹೆಚ್ಚೆಂದರೆ ಎಷ್ಟು ಶಕ್ತಿ ಇರಬಹುದು ಅನ್ನುವ ಮಿತಿಗಳೆಲ್ಲ ಅದರಲ್ಲಿವೆ. ಹಳೇ ಟ್ರಾನ್ಸ್‌ಫಾರ್ಮರ್, ಬೈಕ್ ಕಾಯಿಲ್ ಹಾಕಿ ಜೋಡಿಸಿದ ಪೆಟ್ಟಿಗೆಗಳು ಅಗ್ಗಕ್ಕೆ ಸಿಗುತ್ತವೆ. ಅವುಗಳ ಹೊಡೆತ ಎಷ್ಟು ಹೊತ್ತು ಇರುತ್ತದೆ ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ. ಮಕ್ಕಳಿರುವ ಮನೆಗೆ ಅಂಥದ್ದನ್ನು ನಾನು ಯಾವತ್ತೂ ಹಾಕಿಕೊಡುವುದಿಲ್ಲ.

ಬ್ಯಾಟರಿ ಪ್ಯಾನೆಲ್ ಲೆಕ್ಕವನ್ನು ನೀವೇ ಮಾಡಬಹುದು. ಮಷಿನ್ 12 ವೋಲ್ಟ್‌ನಲ್ಲಿ 0.25 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ದಿನಕ್ಕೆ 24 ಗಂಟೆ, ಅಂದರೆ 6 ಆಂಪಿಯರ್-ಅವರ್. ಐದು ದಿನ ಮೋಡ ಮುಸುಕಿದರೂ ನಡೆಯಬೇಕು ಅಂದರೆ 30. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ 60 ಆಂಪಿಯರ್-ಅವರ್ ಬ್ಯಾಟರಿ. ಕಾರಿನ ಬ್ಯಾಟರಿ ಬೇಡ, ಅದು ಒಂದೇ ಸಲ ಜೋರಾಗಿ ಕೊಡೋಕೆ ಮಾಡಿದ್ದು. ಸೋಲಾರ್‌ಗೆಂದೇ ಬರುವ ಟ್ಯೂಬುಲರ್ ಬ್ಯಾಟರಿ ತೆಗೆದುಕೊಳ್ಳಿ. ದಿನದ ಖರ್ಚು 72 ವ್ಯಾಟ್-ಅವರ್. ದಿನಕ್ಕೆ ನಾಲ್ಕು ಗಂಟೆ ಒಳ್ಳೆಯ ಬಿಸಿಲು ಹಿಡಿದು, ನಷ್ಟ ಕಳೆದರೆ 26 ವ್ಯಾಟ್ ಪ್ಯಾನೆಲ್ ಸಾಕಾಗುತ್ತದೆ. ನೀವು 40 ಅಥವಾ 50 ಹಾಕಿ. ಮಲೆನಾಡಿನವರಾದರೆ ಇದರ ಎರಡರಷ್ಟು ಹಾಕಿ ಅನ್ನುತ್ತಿದ್ದೆ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ 15 ಡಿಗ್ರಿ ಓರೆಯಾಗಿರಲಿ. ನಿಮ್ಮ ಕಡೆ ಧೂಳು ಜಾಸ್ತಿ, ವಾರಕ್ಕೊಮ್ಮೆ ಒರೆಸಿ.

ಇಲ್ಲಿ ಒಂದು ಎಚ್ಚರಿಕೆ. ಮೋಡ ಇದ್ದಾಗ ಬ್ಯಾಟರಿ ಇಳಿಯಿತು ಅಂತ ಮನೆಯ ಕರೆಂಟಿಗೆ ಚಾರ್ಜರ್ ಸಿಕ್ಕಿಸಿ, ಬೇಲಿಯನ್ನೂ ಹಾಗೇ ಆನ್ ಇಟ್ಟಿರುತ್ತಾರೆ. ಚಾರ್ಜರ್ ಕೆಟ್ಟದಾಗಿದ್ದರೆ 230 ವೋಲ್ಟ್ ನೇರ ಬೇಲಿಗೆ ಬರುವ ದಾರಿ ಅದು. ಬ್ಯಾಟರಿಯನ್ನು ಮಷಿನ್‌ನಿಂದ ಪೂರ್ತಿ ಬಿಚ್ಚಿ, ಬೇರೆ ಕಡೆ ಇಟ್ಟು ಚಾರ್ಜ್ ಮಾಡಿ.

ಕಂಬ, ತಂತಿಯ ವಿಚಾರದಲ್ಲಿ ಹೆಚ್ಚು ಹೇಳಬೇಕಿಲ್ಲ. ನಿಮ್ಮ ಕಲ್ಲು ಕಂಬಗಳೇ ಚೆನ್ನಾಗಿವೆ. ಆದರೆ ಕಲ್ಲು ನೆನೆದರೆ ಕರೆಂಟ್ ಬಿಡುತ್ತದೆ. ಸೈಕಲ್ ಟ್ಯೂಬ್ ಚೂರು, ಪಿವಿಸಿ ಪೈಪ್ ತುಂಡು ಹಾಕಿ ತಂತಿ ಕಟ್ಟಿದ ಬೇಲಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲ ಮಳೆಗೆ ಟಕ್ ಟಕ್ ಅಂತ ಕಿಡಿ ಹಾರುತ್ತವೆ. ಬಿಸಿಲು ತಡೆಯುವ ಒಳ್ಳೆಯ ಇನ್ಸುಲೇಟರ್ ಹಾಕಿ, ಮೂಲೆ ಕಂಬಕ್ಕೆ ದಪ್ಪದ್ದು. ಮೂಲೆ ಕಂಬಗಳಿಗೆ ಒತ್ತುಗಲ್ಲು ಕೊಟ್ಟು ಕಾಂಕ್ರೀಟ್ ಹಾಕಿ, ಬಿಗಿ ಎಳೆದಾಗ ವಾಲುವುದು ಅವೇ. ತಂತಿ 2.5 ಮಿಲಿಮೀಟರ್ ಜಿಐ. ನಾಲ್ಕು ಎಕರೆ ಚೌಕವಾಗಿದ್ದರೆ ಸುತ್ತಳತೆ 510 ಮೀಟರ್, ಉದ್ದಕ್ಕಿದ್ದರೆ 600ರ ಹತ್ತಿರ. ಐದು ಎಳೆಗೆ 3 ಕಿಲೋಮೀಟರ್. ಈ ತಂತಿ ಕೆಜಿಗೆ ಸುಮಾರು 26 ಮೀಟರ್ ಬರುತ್ತದೆ, ಅಂದರೆ 115 ಕೆಜಿ. ಕೊಟೇಶನ್ ತಗೊಂಡಾಗ ಇದನ್ನು ಹೋಲಿಸಿ ನೋಡಿ. ತೂಕ ತೀರಾ ಕಡಿಮೆ ತೋರಿಸಿದ್ದರೆ ಸಣ್ಣ ತಂತಿ ಹಾಕುತ್ತಿದ್ದಾರೆ ಅಂತ ಅರ್ಥ. 1.6 ಮಿಲಿಮೀಟರ್ ತಂತಿಯಲ್ಲಿ ತಡೆ ಸುಮಾರು ಎರಡೂವರೆ ಪಟ್ಟು ಜಾಸ್ತಿ.

ಗೇಟಿನ ಕೆಳಗೆ ನೆಲದಲ್ಲಿ ವೈರ್ ಹಾಯಿಸುವಾಗ ಮನೆ ವೈರಿಂಗ್‌ನ ವೈರ್ ಹಾಕಬೇಡಿ. ಅದು ತಡೆಯುವುದು 1100 ವೋಲ್ಟ್ ಮಾತ್ರ. ಬೇಲಿಗೆಂದೇ ಬರುವ ದಪ್ಪ ಹೊದಿಕೆಯ ಕೇಬಲ್ ಹಾಕಿ. "ಎಲ್ಲ ಸರಿ ಇದೆ, ಆದರೂ ವೋಲ್ಟೇಜ್ ಇಲ್ಲ" ಅಂತ ಫೋನ್ ಬಂದಾಗ ನಾನು ಮೊದಲು ಅಗೆಸುವುದು ಗೇಟಿನ ಕೆಳಗಿನ ಜಾಗವನ್ನೇ. ಮಿಂಚು ತಡೆಗೆ ಲೈಟ್ನಿಂಗ್ ಅರೆಸ್ಟರ್ ಹಾಕಿಸಿ. ಗುಡುಗು ಕೇಳಿದ ಕೂಡಲೇ ಮಷಿನ್ ಆಫ್ ಮಾಡಿ ತಂತಿ, ಅರ್ಥ್ ಎರಡನ್ನೂ ಬಿಚ್ಚಿಡುವುದು ಇನ್ನೂ ಒಳ್ಳೆಯದು. ಪಕ್ಕದವರೂ ಮುಂದೆ ಝಟ್ಕಾ ಬೇಲಿ ಹಾಕಿದರೆ ಎರಡರ ನಡುವೆ ಎರಡೂವರೆ ಮೀಟರ್ ಜಾಗ ಬಿಡಿ. ಒಬ್ಬರೇ ಎರಡನ್ನೂ ಮುಟ್ಟುವ ಹಾಗೆ ಇರಬಾರದು.

ಮಕ್ಕಳ ವಿಷಯದಲ್ಲಿ ನಿಮ್ಮ ಅಮ್ಮನ ಭಯ ಸಹಜ. ಮಾನಕದ ಮಷಿನ್ ಆಗಿದ್ದರೆ ಆರೋಗ್ಯವಂತ ಮಗುವಿಗೆ ಕೈ ತಾಗಿದಾಗ ಜೋರಾಗಿ ನೋವಾಗುತ್ತದೆ, ಕೈ ತಾನಾಗಿ ಹಿಂದೆ ಬರುತ್ತದೆ. ಹೊಡೆತ ಮುಗಿದು ಮುಂದಿನದು ಬರುವ ಮೊದಲು ಸುಮಾರು ಒಂದು ಸೆಕೆಂಡ್ ಬಿಡುವಿದೆಯಲ್ಲ, ಬಿಡಿಸಿಕೊಳ್ಳಲು ಅದು ಸಾಕು. ಅಪಾಯ ಇರುವುದು ಸಿಕ್ಕಿಕೊಂಡಾಗ ಮತ್ತು ತಲೆಗೆ ತಾಗಿದಾಗ. ನಾಲ್ಕು ವರ್ಷದ ಮಗು ತಂತಿಯ ಕೆಳಗೆ ನುಸುಳಲು ಹೋದರೆ ತಲೆ, ಕುತ್ತಿಗೆಗೇ ಮೊದಲು ತಾಗುತ್ತದೆ. ಅದಕ್ಕೇ ಮನೆ ಅಂಗಳದ ಕಡೆಯ ಭಾಗಕ್ಕೆ ಝಟ್ಕಾ ಬೇಡವೇ ಬೇಡ. ಅಲ್ಲಿ ಚೈನ್‌ಲಿಂಕ್ ಜಾಲರಿ ಹಾಕಿ. ಮುಳ್ಳುತಂತಿಗೆ ಝಟ್ಕಾ ಎಲ್ಲಿಯೂ ಕೊಡಬಾರದು, ಸಿಕ್ಕಿಕೊಂಡವರು ಬಿಡಿಸಿಕೊಳ್ಳಲು ಆಗುವುದಿಲ್ಲ. ಹಳೇ ಮುಳ್ಳುತಂತಿ ಬೇಲಿ ಇದ್ದರೆ ಅದರಿಂದ 15 ಸೆಂಟಿಮೀಟರ್ ಆದರೂ ಈಚೆಗೆ ನಯವಾದ ತಂತಿ ಎಳೆದು ಅದಕ್ಕೆ ಝಟ್ಕಾ ಕೊಡಬಹುದು. ಆಫ್ ಸ್ವಿಚ್ ಎಲ್ಲಿದೆ ಅಂತ ಮನೆಯ ಪ್ರತಿಯೊಬ್ಬರಿಗೂ ತೋರಿಸಿ, ಅಮ್ಮನಿಗೂ. ದಾರಿ ಬದಿಗೆ ಹಳದಿ ಬೋರ್ಡ್ ಹಾಕಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಬೇಲಿಯಿಂದ ದೂರ ಇರಬೇಕು.

ಇದೆಲ್ಲ ಝಟ್ಕಾ ಮಷಿನ್‌ನ ಮಾತು. ಪಂಪ್‌ಸೆಟ್ ಲೈನ್ ಬೇರೆಯೇ ಸಂಗತಿ. ಜನ "8000 ವೋಲ್ಟ್‌ಗೇ ಏನೂ ಆಗಲ್ಲ, 230 ಏನು ಮಾಡುತ್ತೆ" ಅಂತ ಲೆಕ್ಕ ಹಾಕುತ್ತಾರೆ. ಈ ಲೆಕ್ಕ ಎಷ್ಟೋ ಮನೆಗಳನ್ನು ಹಾಳು ಮಾಡಿದೆ. ಲೈನ್ ಕರೆಂಟ್‌ಗೆ ಬಿಡುವು ಇಲ್ಲ. ಮುಟ್ಟಿದ ಕೈಯ ಸ್ನಾಯು ಬಿಗಿದು ತಂತಿಯನ್ನೇ ಹಿಡಿದುಕೊಳ್ಳುತ್ತದೆ. ಬಿಡಬೇಕು ಅಂದರೂ ಬಿಡಲು ಆಗುವುದಿಲ್ಲ. ಹೃದಯದ ಬಡಿತ ತಪ್ಪುತ್ತದೆ. ರಾತ್ರಿ ಮಾತ್ರ ತಾನೇ ಅಂತೀರಿ. ಬೆಳಗಿನ ಜಾವ ತ್ರೀಫೇಸ್ ಬಂತು ಅಂತ ಮೋಟರ್ ಹಾಕೋಕೆ ಎದ್ದು ಬರುವವರು ನೀವೇ, ಇಲ್ಲ ನಿಮ್ಮ ಪಕ್ಕದ ಹೊಲದವರು. ಯಾರಾದರೂ ಸತ್ತರೆ ಕೊಲೆಯಲ್ಲದ ನರಹತ್ಯೆಯ ಕೇಸು. ಕದ್ದು ಎಳೆದ ಕರೆಂಟ್ ಆದರೆ 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 135 ಕೂಡ ಬರುತ್ತದೆ. ತೋಳ ಸತ್ತರೆ ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿ. ನಿಮ್ಮ ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ, ಅಂದರೆ ಹುಲ್ಲುಗಾವಲುಗಳಲ್ಲಿ, ತೋಳಗಳು ಕುರಿಗಾರರ ಜೊತೆಗೇ ಬದುಕಿಕೊಂಡು ಬಂದಿವೆ.

ತೋಳದ ಭಯಕ್ಕೆ ನಾಲ್ಕು ಎಕರೆ ಬೇಲಿಯನ್ನು ನಂಬಬೇಡಿ. ರಾತ್ರಿ ಕುರಿ ಕೂಡುವ ರೊಪ್ಪವನ್ನು ಗಟ್ಟಿ ಮಾಡಿ. ಐದಾರು ಅಡಿ ಚೈನ್‌ಲಿಂಕ್, ಬುಡವನ್ನು ಒಂದು ಅಡಿ ನೆಲದಲ್ಲಿ ಹೂತು ಕಲ್ಲು ಕಟ್ಟಿ. ಅದರ ಹೊರಗೆ 25 ಮತ್ತು 50 ಸೆಂಟಿಮೀಟರ್‌ನಲ್ಲಿ ಎರಡು ಝಟ್ಕಾ ಎಳೆ. ತೋಳವಾಗಲಿ ಬೀದಿನಾಯಿಯಾಗಲಿ ಮೊದಲು ಮೂಗಿನಿಂದ ಮೂಸುತ್ತವೆ, ಅಲ್ಲೇ ತಗುಲುತ್ತದೆ. ಚಿರತೆ ಓಡಾಡುವ ಜಾಗವಾದರೆ ಮೇಲೂ ಜಾಲರಿ ಬೇಕು, ಅದಕ್ಕೆ ಝಟ್ಕಾ ಬೇಲಿ ಪರಿಹಾರ ಅಲ್ಲ. ದುಡ್ಡು ಒಂದೇ ಸಲ ಹೊಂದದಿದ್ದರೆ ಮೊದಲು ರೊಪ್ಪ ಮಾಡಿಸಿ, ಆಮೇಲೆ ಎರಡು ಎಕರೆ, ಮುಂದಿನ ವರ್ಷ ಉಳಿದದ್ದು. ನಾಲ್ಕು ಎಕರೆಯನ್ನು ಮೂರೇ ಎಳೆಯಲ್ಲಿ ಸುತ್ತಿಸುವುದಕ್ಕಿಂತ ಇದು ಎಷ್ಟೋ ವಾಸಿ. ಕಾಡಂಚಿನ ರೈತರಿಗೆ ಅರಣ್ಯ ಇಲಾಖೆಯಿಂದ ಸೋಲಾರ್ ಬೇಲಿಗೆ ಸಹಾಯಧನ ಇದೆ. ನಿಮ್ಮ ಜಮೀನು ಅದಕ್ಕೆ ಸೇರುತ್ತದೆಯೇ ಅಂತ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ.

ಒಂದು ವಿಷಯ ನೀವು ಕೇಳಿಲ್ಲ, ಆದರೂ ಹೇಳಬೇಕು. ನಿಮ್ಮ ಸೀಮೆಯ ಮಳೆಗೆ ನಾಲ್ಕು ಎಕರೆ ಬಯಲಿನ ಹುಲ್ಲು ಮೂವತ್ತು ಕುರಿ, ಎಂಟು ಮೇಕೆ, ಮೂರು ಹಸುವಿಗೆ ವರ್ಷವಿಡೀ ಸಾಲುವುದಿಲ್ಲ. ಬೇಲಿಯೊಳಗೆ ಕೂಡಿಹಾಕಿ ಮೇವು ತೀರಿದರೆ ಹಸಿದ ಮೇಕೆಯನ್ನು ಯಾವ ಝಟ್ಕಾವೂ ತಡೆಯುವುದಿಲ್ಲ. ಒಳಗೆ ಪಾಲಿವೈರ್ ಅನ್ನುವ ಎಳೆದೊಯ್ಯಬಹುದಾದ ದಾರದಂಥ ತಂತಿಯಿಂದ ನಾಲ್ಕು ಭಾಗ ಮಾಡಿ, ಒಂದನ್ನು ಮೇಯಿಸುವಾಗ ಉಳಿದವು ಚಿಗುರಲು ಬಿಡಿ. ಒಂದು ಭಾಗದಲ್ಲಿ ಬೋರ್ ನೀರು ಕೊಟ್ಟು ಬೇಲಿಮೆಂತೆ ಹಾಕಿ ಕೊಯ್ದು ಕೊಡಿ. ಪ್ಲಾಸ್ಟಿಕ್ ಬಲೆಯ ಝಟ್ಕಾ ಬೇಲಿ ಸಿಗುತ್ತದೆ, ಅದು ಕೊಂಬಿಲ್ಲದ ಕುರಿಗೆ ಸರಿ. ಕೊಂಬಿನ ಮೇಕೆ ಅದರಲ್ಲಿ ಸಿಕ್ಕಿಕೊಂಡು ಸತ್ತಿದ್ದನ್ನು ನೋಡಿದ್ದೇನೆ.

ಹಾಲು, ಗಬ್ಬದ ಮಾತಿಗೆ ಬರುತ್ತೇನೆ. ಹಸು ಒಂದೆರಡು ಸಲ ತಗುಲಿಸಿಕೊಂಡು ಬೇಲಿಯಿಂದ ದೂರ ಇರಲು ಕಲಿಯುತ್ತದೆ. ಅದರಿಂದ ಹಾಲು ಬತ್ತಿದ್ದನ್ನು ನಾನು ಕಂಡಿಲ್ಲ. ಕರೆಯುವ ಜಾಗ, ನೀರಿನ ತೊಟ್ಟಿಯ ಹತ್ತಿರ ತಂತಿ ಹಾಯಿಸಿದ್ದರೆ ಮಾತ್ರ ತೊಂದರೆ. ಹಸು ನೀರಿಗೆ ಹೆದರುತ್ತದೆ, ನೀರು ಕುಡಿಯದಿದ್ದರೆ ಹಾಲು ಇಳಿಯುತ್ತದೆ. ಗಬ್ಬದ ಕುರಿಗೂ ಶಾಕ್‌ಗಿಂತ ಗಾಬರಿಯಿಂದ ಓಡಿ ಗುದ್ದಿಕೊಳ್ಳುವುದೇ ಅಪಾಯ. ಹಾಗಾಗಿ ತುಂಬಿದ ಗಬ್ಬದವನ್ನು ಹೊಸ ಬೇಲಿಗೆ ಬಿಡಬೇಡಿ. ಈದ ಮೇಲೆ ಕಲಿಸಿ.

ಕಲಿಸುವುದು ಅಂದೆನಲ್ಲ, ಅದನ್ನು ಬಿಟ್ಟವರೇ ಹೆಚ್ಚು. ಝಟ್ಕಾ ಬೇಲಿ ಗೋಡೆಯ ಹಾಗೆ ಬಲದಿಂದ ತಡೆಯುವುದಿಲ್ಲ, ಪ್ರಾಣಿಯ ನೆನಪಿನಿಂದ ತಡೆಯುತ್ತದೆ. ಮೊದಲ ಸಲ ಶಾಕ್ ತಗುಲಿದಾಗ ತಲೆ ಆಗಲೇ ಆಚೆ ಹೋಗಿದ್ದರೆ ಮೇಕೆ ಮುಂದಕ್ಕೇ ಹಾರುತ್ತದೆ. ಹಾರಿದರೆ ನೋವು ನಿಲ್ಲುತ್ತದೆ ಅಂತ ಕಲಿತುಬಿಡುತ್ತದೆ. ನಿಮ್ಮ ಮೇಕೆಗಳು ಫೆಬ್ರವರಿಯಲ್ಲಿ ಕಲಿತದ್ದು ಅದಕ್ಕಿಂತ ಕೆಟ್ಟದ್ದು, ಈ ತಂತಿಯಲ್ಲಿ ಏನೂ ಇಲ್ಲ ಅಂತ. ಅದನ್ನು ಮರೆಸಬೇಕು. ರೊಪ್ಪದ ಒಳಗೆ, ಗಟ್ಟಿ ಬೇಲಿಯಿಂದ ಎರಡು ಮೂರು ಅಡಿ ಈಚೆಗೆ, ಎರಡು ಝಟ್ಕಾ ಎಳೆ ಮತ್ತು ಒಂದು ಅರ್ಥ್ ಎಳೆ ಕಟ್ಟಿ. ಹಿಂದೆ ಗಟ್ಟಿ ಬೇಲಿ ಇರುವುದರಿಂದ ಮುಂದೆ ಹಾರಲು ಆಗುವುದಿಲ್ಲ, ಹಿಂದಕ್ಕೇ ಬರಬೇಕು. ನೆಲಕ್ಕೆ ನೀರು ಹಾಕಿ ತೇವ ಮಾಡಿ. ತಗಡಿನ ಚೂರಿಗೆ ಬೆಲ್ಲದ ಪಾಕ ಸವರಿ ಝಟ್ಕಾ ಎಳೆಗೆ ನೇತುಹಾಕಿ. ಮೂಸಲು ಬಂದು ಮೂಗಿಗೇ ತಗುಲಿಸಿಕೊಳ್ಳುತ್ತವೆ, ಮೂಗಿನಲ್ಲಿ ಉಣ್ಣೆ ಇಲ್ಲ. ಎರಡು ಮೂರು ದಿನ ಸಾಕು. ಕುರಿಗಳಿಗೆ ಉಣ್ಣೆ ಕತ್ತರಿಸಿದ ವಾರದಲ್ಲೇ ಇದನ್ನು ಮಾಡಿ, ಬೇಗ ಕಲಿಯುತ್ತವೆ. ಆ ಮೂರು ದಿನ ನೀವು ಅಥವಾ ಮನೆಯ ದೊಡ್ಡವರು ಒಬ್ಬರು ಪಕ್ಕದಲ್ಲೇ ಇರಿ. ಮರಿಗಳೇನಾದರೂ ಸಿಕ್ಕಿಕೊಂಡರೆ ಮೊದಲು ಮಷಿನ್ ಆಫ್ ಮಾಡಿ, ಆಮೇಲೆ ಕೈ ಹಾಕಿ.